ಅಪ್‌ಡೇಟ್: ನಮ್ಮ ಬೀದಿಯ ನಕ್ಷೆ ಕೊನೆಗೂ ಬದಲಾಯಿತು

ಶಿವಮೊಗ್ಗದ ನಮ್ಮ ಬಡಾವಣೆಯ ರಸ್ತೆಯನ್ನು ಹೊಸದಾಗಿ ರೂಪಿಸುತ್ತಿದ್ದಾರೆ, ನಕ್ಷೆಯನ್ನು ಮಾತ್ರ ಯಾರೂ ತೋರಿಸುತ್ತಿಲ್ಲ, ಹೊಂಗೆ ಮರಗಳು ಉಳಿಯುತ್ತವೆಯೇ ಎಂದು ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಸಹಿ ಸಂಗ್ರಹದಿಂದ ಏನೂ ಆಗಲಿಲ್ಲ. ಮನವಿಗೆ ಸ್ವೀಕೃತಿಯ ಮುದ್ರೆ ಬಿತ್ತು, ಅಷ್ಟೇ. ಕೆಲಸಕ್ಕೆ ಬಂದದ್ದು ‘ಪ್ರತಿ ಕೇಳಬೇಡಿ, ಕಡತ ನೋಡಲು ಅವಕಾಶ ಕೇಳಿ’ ಎಂಬ ಸಲಹೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ದಾಖಲೆಯನ್ನಷ್ಟೇ ಅಲ್ಲ, ನಡೆಯುತ್ತಿರುವ ಕಾಮಗಾರಿಯನ್ನೂ ಪರಿಶೀಲಿಸಬಹುದು, ಸಾಮಗ್ರಿಯ ಮಾದರಿಯನ್ನೂ ಪಡೆಯಬಹುದು. ಇದು ನನಗೆ ನಿಜಕ್ಕೂ ಹೊಸ ವಿಷಯ.

ನಕ್ಷೆ ನೋಡಿದಾಗ ಮರಗಳಿಗಿಂತ ದೊಡ್ಡ ತೊಂದರೆ ಕಂಡಿತು: ಚರಂಡಿಯ ಇಳಿಜಾರು ತಿರುವುಮುರುವಾಗಿತ್ತು. ಬೀದಿಯ ಹಿರಿಯರು ಎಂಜಿನಿಯರ್ ಅವರನ್ನು ಜೋರು ಮಳೆಯಲ್ಲೇ ಕರೆದೊಯ್ದು, ನೀರು ಎಲ್ಲಿ ನಿಲ್ಲುತ್ತದೆ, ಯಾರ ಅಂಗಳಕ್ಕೆ ನುಗ್ಗುತ್ತದೆ ಎಂದು ತೋರಿಸಿದರು. ಮಲೆನಾಡಿನಲ್ಲಿ ರಸ್ತೆಯ ನಕ್ಷೆಯನ್ನು ಬೇಸಿಗೆಯಲ್ಲಿ ಒಪ್ಪಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಂಜಿನಿಯರ್ ಅಲ್ಲೇ ಗುರುತು ಹಾಕಿಕೊಂಡರು.

ಪಾದಚಾರಿ ಮಾರ್ಗದ ಬಗ್ಗೆ ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯ ಕನಿಷ್ಠ 1.8 ಮೀಟರ್ ಅಗಲವನ್ನು ಉಲ್ಲೇಖಿಸಿ ಬರೆಯಿರಿ ಎಂದವರಿಗೂ ಋಣಿ. ಅಳತೆ ಕಾಣಿಸಿದ ಮೇಲೆ ಚರ್ಚೆಯ ಧಾಟಿಯೇ ಬದಲಾಯಿತು.

ಈಗ ಚರಂಡಿಯ ಮಟ್ಟ ತಿದ್ದಿದ್ದಾರೆ. ತಿರುವಿನ ಒಂದು ಮರ ಹೋಗುತ್ತದೆ, ಉಳಿದವು ನಿಲ್ಲುತ್ತವೆ. ವಾಹನ ನಿಲುಗಡೆಯ ವಿಷಯ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಅಂಗಡಿಯವರೊಂದಿಗೆ ಮಾತುಕತೆ ನಡೆದಿದೆ.