18 ಜಿಬಿಯ ರಿಕವರಿ ಪಾರ್ಟಿಶನ್ ಅಳಿಸಿ ವಿಂಡೋಸ್ 11 ಹಾಕಬಹುದೇ?

ಮಲೆನಾಡ್_ಪಿಸಿ:
2021ರ ಲ್ಯಾಪ್‌ಟಾಪ್, ಇಂಟೆಲ್ 11ನೇ ತಲೆಮಾರಿನ ಐ5, 512 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ. ಕೊಂಡಾಗ ವಿಂಡೋಸ್ 10 ಹೋಮ್ ಬಂದಿತ್ತು. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ಮುಗಿದಿರುವುದರಿಂದ, ಅಪ್‌ಗ್ರೇಡ್ ಬದಲು ಪೆನ್‌ಡ್ರೈವ್‌ನಿಂದ 11 ಅನ್ನು ಹೊಸದಾಗಿಯೇ ಹಾಕಬೇಕೆಂದಿದ್ದೇನೆ.

ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಪಾರ್ಟಿಶನ್‌ಗಳು (ಡಿಸ್ಕಿನ ವಿಭಾಗಗಳು) ಎಡದಿಂದ ಬಲಕ್ಕೆ ಕಾಣುವುದು ಹೀಗೆ: 260 ಎಂಬಿ ಇಎಫ್‌ಐ (ಬೂಟ್ ಕಡತಗಳಿರುವುದು), 457 ಜಿಬಿ ಸಿ ಡ್ರೈವ್, 990 ಎಂಬಿ ರಿಕವರಿ, ಕೊನೆಗೆ 18 ಜಿಬಿ ರಿಕವರಿ. ಕೊನೆಯ ಎರಡರ ಮೇಲೆ ರೈಟ್ ಕ್ಲಿಕ್ ಮಾಡಿದರೆ ಹೆಲ್ಪ್ ಬಿಟ್ಟು ಬೇರೇನೂ ಬರುವುದಿಲ್ಲ. ಇವನ್ನು ಅಳಿಸಿದರೆ ವಿಂಡೋಸ್ ಲೈಸೆನ್ಸ್ ಹೋಗುತ್ತದೆಯೇ? ಇಎಫ್‌ಐ ಪಾರ್ಟಿಶನ್ನನ್ನು ಉಳಿಸಿಕೊಳ್ಳಬೇಕೇ?

ಬೂಟ್_ಕನ್ನಡಿಗ:
ಲೈಸೆನ್ಸ್ ಹೋಗುವುದಿಲ್ಲ. ವಿಂಡೋಸ್ ಸಮೇತ ಮಾರಾಟವಾದ ಯಂತ್ರದಲ್ಲಿ ಕೀ ಇರುವುದು ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲಿ, ಎಂಎಸ್‌ಡಿಎಂ ಎಂಬ ಕೋಷ್ಟಕದೊಳಗೆ. ಡಿಸ್ಕನ್ನೇ ಬದಲಿಸಿದರೂ ಅದು ಅಲ್ಲೇ ಇರುತ್ತದೆ. ಸೆಟಪ್ ಅದನ್ನು ಓದಿ ಹೋಮ್ ಆವೃತ್ತಿಯನ್ನು ತಾನೇ ಆರಿಸಿಕೊಳ್ಳುತ್ತದೆ, ಇಂಟರ್ನೆಟ್ ಸಿಕ್ಕಿದ ಮೇಲೆ ಆಕ್ಟಿವೇಟ್ ಆಗುತ್ತದೆ. ಆದರೆ ಯಂತ್ರದ ಜೊತೆ ಆಫೀಸ್ ಬಂದಿದ್ದರೆ, ಅಳಿಸುವ ಮೊದಲೇ ಅದನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಕೊಳ್ಳಿ. ಬಹಳ ಜನ ಮರೆಯುವುದು ಇದನ್ನೇ.

ಕ್ಲೀನ್ ಇನ್‌ಸ್ಟಾಲ್ ಎಂದ ಮೇಲೆ ಒಂದೆರಡು ಪಾರ್ಟಿಶನ್ ಮಾತ್ರ ಅಳಿಸುವುದಕ್ಕಿಂತ ಎಲ್ಲವನ್ನೂ ಅಳಿಸುವುದೇ ಸರಿ. ಇಎಫ್‌ಐ, ಸಿ, ಎರಡೂ ರಿಕವರಿ, ಜೊತೆಗೆ ಸೆಟಪ್‌ನಲ್ಲಿ ಮಾತ್ರ ಕಾಣುವ 16 ಎಂಬಿಯ ಎಂಎಸ್‌ಆರ್ (ವಿಂಡೋಸ್ ತನಗಾಗಿ ಕಾಯ್ದಿರಿಸಿದ ಜಾಗ), ಇಷ್ಟನ್ನೂ ಒಂದೊಂದಾಗಿ ಡಿಲೀಟ್ ಮಾಡಿ. 'ಅನ್‌ಅಲೊಕೇಟೆಡ್ ಸ್ಪೇಸ್' ಎಂಬ ಒಂದೇ ಸಾಲು ಉಳಿದಾಗ ಅದನ್ನೇ ಆರಿಸಿ ನೆಕ್ಸ್ಟ್ ಒತ್ತಿ. ಬೇಕಾದ ಪಾರ್ಟಿಶನ್‌ಗಳನ್ನೆಲ್ಲ ಸೆಟಪ್ಪೇ ಮಾಡಿಕೊಳ್ಳುತ್ತದೆ, ಹೊಸ ರಿಕವರಿಯನ್ನು ಸಿ ಡ್ರೈವಿನ ಬಲಕ್ಕೆ ಇಡುತ್ತದೆ. ಲಿನಕ್ಸ್ ಕೂಡ ಇದ್ದರೆ ಮಾತ್ರ ಇಎಫ್‌ಐ ಮುಟ್ಟಬೇಡಿ, ಅದರ ಬೂಟ್‌ಲೋಡರ್ ಅಲ್ಲೇ ಕೂತಿರುತ್ತದೆ.

ಡಿಲೀಟ್ ಬಟನ್ ಕೆಲಸ ಮಾಡದಿದ್ದರೆ ಶಿಫ್ಟ್ ಹಿಡಿದು ಎಫ್10 ಒತ್ತಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀಯನ್ನೂ ಸೇರಿಸಿ ಒತ್ತಬೇಕು. ತೆರೆಯುವ ಕಪ್ಪು ಕಿಟಕಿಯಲ್ಲಿ 'ಡಿಸ್ಕ್‌ಪಾರ್ಟ್', ನಂತರ 'ಲಿಸ್ಟ್ ಡಿಸ್ಕ್'. 476 ಜಿಬಿ ಎಂದು ತೋರಿಸುವುದು ನಿಮ್ಮ ಎಸ್‌ಎಸ್‌ಡಿ. ಸಂಖ್ಯೆ 0 ಇದ್ದ ಮಾತ್ರಕ್ಕೆ ಅದೇ ಎಂದುಕೊಳ್ಳಬೇಡಿ, ಒಮ್ಮೊಮ್ಮೆ ಪೆನ್‌ಡ್ರೈವಿಗೇ 0 ಸಿಗುತ್ತದೆ. ಗಾತ್ರ ನೋಡಿ 'ಸೆಲೆಕ್ಟ್ ಡಿಸ್ಕ್' ಜೊತೆ ಅದರ ಸಂಖ್ಯೆ ಕೊಡಿ, ಆಮೇಲೆ 'ಕ್ಲೀನ್', ಆಮೇಲೆ 'ಕನ್ವರ್ಟ್ ಜಿಪಿಟಿ' (ಜಿಪಿಟಿ ಎಂದರೆ ಡಿಸ್ಕಿನ ಪಾರ್ಟಿಶನ್ ಪಟ್ಟಿಯ ಹೊಸ ಮಾದರಿ). 'ಕ್ಲೀನ್ ಆಲ್' ಬೇಡ. ಅದು ಡಿಸ್ಕಿನ ಉದ್ದಕ್ಕೂ ಸೊನ್ನೆ ಬರೆಯುತ್ತದೆ, ಎಸ್‌ಎಸ್‌ಡಿಗೆ ಸುಮ್ಮನೆ ಸವೆತ.

ಡೇಟಾ_ಉಳಿಸಿ:
ಮೇಲಿನದೆಲ್ಲ ಸರಿ, ಆದರೆ ಅದಕ್ಕಿಂತ ಮೊದಲಿನ ಒಂದು ಹೆಜ್ಜೆ ಬಿಟ್ಟುಹೋಗಿದೆ. ಆ 18 ಜಿಬಿಯಲ್ಲಿರುವುದು 2021ರ ಸ್ಥಿತಿಯ ವಿಂಡೋಸ್, ಅಂದಿನ ಡ್ರೈವರ್‌ಗಳು, ಕಂಪನಿಯ ತಂತ್ರಾಂಶಗಳು. ಅಳಿಸಿದ ಮೇಲೆ ಬೂಟ್ ಆಗುವಾಗ ರಿಕವರಿ ಕೀ ಒತ್ತಿದರೆ, ಎಚ್‌ಪಿಯಲ್ಲಾದರೆ ಎಫ್11, ಏಸುಸ್‌ನಲ್ಲಾದರೆ ಎಫ್9, ಫ್ಯಾಕ್ಟರಿ ಸ್ಥಿತಿಗೆ ಮರಳುವ ದಾರಿ ಇರುವುದಿಲ್ಲ. ಮುಂದೆ ಯಂತ್ರವನ್ನು ಮಾರುವ ಯೋಚನೆ ಇದ್ದರೆ ಅದರ ಪ್ರತಿ ಹೊರಗೆ ಇರಲಿ.

ವಿಂಡೋಸ್‌ನದೇ 'ಕ್ರಿಯೇಟ್ ಎ ರಿಕವರಿ ಡ್ರೈವ್' ಆ 18 ಜಿಬಿಯನ್ನು ಹಾಗೇ ನಕಲು ಮಾಡುತ್ತದೆ ಎಂಬ ನಂಬಿಕೆ ತಪ್ಪು. ಅದು ತೆಗೆದುಕೊಳ್ಳುವುದು ಈಗ ನಡೆಯುತ್ತಿರುವ ವಿಂಡೋಸಿನ ಸಿಸ್ಟಂ ಕಡತಗಳನ್ನು. ಫ್ಯಾಕ್ಟರಿ ಇಮೇಜೇ ಬೇಕೆಂದರೆ ತಯಾರಕರದೇ ಸಾಧನ ಬಳಸಿ: ಎಚ್‌ಪಿಗೆ ಕ್ಲೌಡ್ ರಿಕವರಿ, ಡೆಲ್‌ಗೆ ಓಎಸ್ ರಿಕವರಿ ಟೂಲ್, ಲೆನೊವೊಗೆ ಡಿಜಿಟಲ್ ಡೌನ್‌ಲೋಡ್ ರಿಕವರಿ. ನಿಮ್ಮ ಮಾಡೆಲ್ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿ. 32 ಜಿಬಿ ಪೆನ್‌ಡ್ರೈವ್ ಇಟ್ಟುಕೊಳ್ಳಿ. ಇಷ್ಟಕ್ಕೂ ಎಸ್‌ಎಸ್‌ಡಿಯೇ ಕೆಟ್ಟರೆ ಅದರೊಳಗಿನ ರಿಕವರಿಯೂ ಜೊತೆಗೇ ಹೋಗುತ್ತದೆ. ಹಾಗಾಗಿ ಅಳಿಸದವರಿಗೂ ಹೊರಗಿನ ಪ್ರತಿ ಬೇಕೇ ಬೇಕು.

ಡ್ರೈವರ್‌ಗಳನ್ನೂ ತೆಗೆದಿಡಿ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಡಿಐಎಸ್‌ಎಂ ಎಂಬ ವಿಂಡೋಸ್ ಸಾಧನದ 'ಎಕ್ಸ್‌ಪೋರ್ಟ್ ಡ್ರೈವರ್' ಆದೇಶ ಕೊಟ್ಟರೆ ಕಂಪನಿ ಹಾಕಿದ್ದ ಡ್ರೈವರ್‌ಗಳೆಲ್ಲ ಒಂದು ಫೋಲ್ಡರಿಗೆ ಬರುತ್ತವೆ. ವೈಫೈ ಡ್ರೈವರ್ ಇಲ್ಲದೆ ವಿಂಡೋಸ್ 11ರ ಮೊದಲ ಹೊಂದಿಕೆಗಳಲ್ಲಿ ನೆಟ್‌ವರ್ಕ್ ಕೇಳುವ ಪುಟಕ್ಕೇ ನಿಂತುಬಿಡುತ್ತೀರಿ. ಫೋನಿನ ಯುಎಸ್‌ಬಿ ಟೆದರಿಂಗ್ ಅಲ್ಲಿ ಸಾಮಾನ್ಯವಾಗಿ ಕೈಹಿಡಿಯುತ್ತದೆ.

ಎಸ್‌ಎಸ್‌ಡಿ_ಗೆಳೆಯ:
11ನೇ ತಲೆಮಾರು ಎಂದಿದ್ದೀರಿ, ಹಾಗಾಗಿ ಇದೊಂದು. ಸೆಟಪ್‌ನಲ್ಲಿ ಡಿಸ್ಕ್ ಪಟ್ಟಿ ಖಾಲಿ ಕಂಡರೆ ಎಸ್‌ಎಸ್‌ಡಿ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಇಂಟೆಲ್ ವಿಎಂಡಿ (ಎಸ್‌ಎಸ್‌ಡಿಯನ್ನು ನಿಭಾಯಿಸುವ ಇಂಟೆಲ್ ವ್ಯವಸ್ಥೆ) ಆನ್ ಇದ್ದರೆ, ಸೆಟಪ್ ಪೆನ್‌ಡ್ರೈವ್‌ನಲ್ಲಿ ಅದರ ಡ್ರೈವರ್ ಇಲ್ಲದ ಕಾರಣ ಡಿಸ್ಕ್ ಕಾಣದೇ ಹೋಗಬಹುದು. ಲ್ಯಾಪ್‌ಟಾಪ್ ತಯಾರಕರ ಪುಟದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರನ್ನು ಇಳಿಸಿ, ಬಿಚ್ಚಿ, ಐಎನ್‌ಎಫ್ ಕಡತವಿರುವ ಫೋಲ್ಡರನ್ನು ಅದೇ ಪೆನ್‌ಡ್ರೈವಿಗೆ ಹಾಕಿ, 'ಲೋಡ್ ಡ್ರೈವರ್' ಒತ್ತಿ ತೋರಿಸಿ. ಇನ್‌ಸ್ಟಾಲರ್ ಕಡತವನ್ನು ಬಿಚ್ಚದೆ ಹಾಗೇ ಹಾಕಿದರೆ ಸೆಟಪ್‌ಗೆ ಅದು ಕಾಣುವುದಿಲ್ಲ. ಇಂಥ ಹೊತ್ತಿನಲ್ಲಿ ಪಟ್ಟಿಯಲ್ಲಿ ಪೆನ್‌ಡ್ರೈವ್ ಒಂದೇ ಇದ್ದು, ಅದರ ಪಾರ್ಟಿಶನ್ನನ್ನೇ ಅಳಿಸಿಬಿಡುವ ಅಪಾಯ ಇದೆ. ಗಾತ್ರ ನೋಡದೆ ಡಿಲೀಟ್ ಒತ್ತಬೇಡಿ.

ಬಯಾಸ್‌ನಲ್ಲಿ ವಿಎಂಡಿಯನ್ನೇ ಆಫ್ ಮಾಡುವುದು ಇನ್ನೊಂದು ದಾರಿ. ಆದರೆ ಆಫ್ ಮಾಡಿದ ಮೇಲೆ ಹಳೆಯ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುವ ಸಾಧ್ಯತೆ ಹೆಚ್ಚು. ಬಿಟ್‌ಲಾಕರ್ (ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ 48 ಅಂಕಿಗಳ ರಿಕವರಿ ಕೀಯನ್ನೂ ಕೇಳಬಹುದು. ಕಡತಗಳ ನಕಲು ಮುಗಿದು, ಅವು ಬೇರೊಂದು ಯಂತ್ರದಲ್ಲಿ ತೆರೆಯುತ್ತವೆ ಎಂದು ನೋಡಿದ ಮೇಲಷ್ಟೇ ಬಯಾಸ್ ಮುಟ್ಟಿ. ಎರಡನೇ ಡಿಸ್ಕ್ ಇದ್ದರೆ ಬಿಚ್ಚಿಡಿ. ಇಲ್ಲದಿದ್ದರೆ ಸೆಟಪ್ ಬೂಟ್ ಕಡತಗಳನ್ನು ಅದರೊಳಗೆ ಇಟ್ಟುಬಿಡಬಹುದು.

ಮಲೆನಾಡ್_ಪಿಸಿ:
ತುಂಬಾ ಉಪಕಾರವಾಯಿತು. ತಂಗಿಯ ಲ್ಯಾಪ್‌ಟಾಪಿನಲ್ಲೂ ಇದೇ ಜೋಡಣೆ ಇದೆ. ಅಲ್ಲಿ ವಿಂಡೋಸ್ ಹಾಗೇ ಇಟ್ಟು, 18 ಜಿಬಿಯನ್ನು ಮಾತ್ರ ತೆಗೆದು ಸಿ ಡ್ರೈವಿಗೆ ಸೇರಿಸಬಹುದೇ?

ಬೂಟ್_ಕನ್ನಡಿಗ:
ಆಗುತ್ತದೆ, ಆದರೆ ನೇರವಾಗಿ ಅಲ್ಲ. ಸಿ ಹಿಗ್ಗಬೇಕಾದರೆ ಖಾಲಿ ಜಾಗ ಅದರ ಬಲ ಮಗ್ಗುಲಲ್ಲೇ ಇರಬೇಕು. ನಡುವೆ 990 ಎಂಬಿ ಕೂತಿರುವುದರಿಂದ 'ಎಕ್ಸ್‌ಟೆಂಡ್ ವಾಲ್ಯೂಮ್' ಮಸುಕಾಗಿಯೇ ಇರುತ್ತದೆ. ಮೊದಲು 'ರಿಏಜೆಂಟ್‌ಸಿ' ಆದೇಶಕ್ಕೆ 'ಇನ್ಫೋ' ಸೇರಿಸಿ ಕೊಟ್ಟು, ವಿಂಡೋಸ್ ರಿಕವರಿ (ವಿಂಡೋಸ್ ಕೆಟ್ಟಾಗ ದುರಸ್ತಿಗೆ ಬರುವ ಸಾಧನ) ಯಾವ ಪಾರ್ಟಿಶನ್ ಸಂಖ್ಯೆಯಲ್ಲಿದೆ ನೋಡಿ. ಅದು 990 ಎಂಬಿಯದೇ ಎಂದು ಖಚಿತವಾದರೆ, ಡಿಸ್ಕ್‌ಪಾರ್ಟ್‌ನಲ್ಲಿ 18 ಜಿಬಿಯದನ್ನು ಆರಿಸಿ 'ಡಿಲೀಟ್ ಪಾರ್ಟಿಶನ್ ಓವರ್‌ರೈಡ್' ಕೊಡಿ. 'ಓವರ್‌ರೈಡ್' ಇಲ್ಲದಿದ್ದರೆ, ಅದು ಸಂರಕ್ಷಿತ ಪಾರ್ಟಿಶನ್ ಎಂದು ಹೇಳಿ ನಿರಾಕರಿಸುತ್ತದೆ.

ಬಳಿಕ ಪಾರ್ಟಿಶನ್ ಸರಿಸಬಲ್ಲ ಜಿಪಾರ್ಟೆಡ್‌ನಂಥ ಸಾಧನದಿಂದ 990 ಎಂಬಿಯನ್ನು ಡಿಸ್ಕಿನ ಬಲ ತುದಿಗೆ ಸರಿಸಿ, ವಿಂಡೋಸಿಗೆ ಮರಳಿ ಸಿ ಡ್ರೈವನ್ನು ಹಿಗ್ಗಿಸಿ. ಚಾರ್ಜರ್ ಸಿಕ್ಕಿಸಿಯೇ ಮಾಡಿ, ಬಿಟ್‌ಲಾಕರ್ ಇದ್ದರೆ ಮೊದಲು ಪೂರ್ತಿ ಡಿಕ್ರಿಪ್ಟ್ ಮಾಡಿ. ಜಾಗ ಹೆಚ್ಚುತ್ತದೆಂದು 990 ಎಂಬಿಯನ್ನೂ ಅಳಿಸಬೇಡಿ, ಚಿಕ್ಕದು ಮಾಡಲೂ ಬೇಡಿ. 2024ರ ಜನವರಿಯಲ್ಲಿ ಬಂದ ವಿಂಡೋಸ್ 10ರ ಕೆಬಿ5034441 ಅಪ್‌ಡೇಟ್‌ಗೆ ರಿಕವರಿ ಪಾರ್ಟಿಶನ್ನಿನಲ್ಲಿ 250 ಎಂಬಿ ಖಾಲಿ ಬೇಕಿತ್ತು. ಸಣ್ಣ ಪಾರ್ಟಿಶನ್ ಇದ್ದ ಯಂತ್ರಗಳಲ್ಲಿ ಅದು 80070643 ಎಂಬ ದೋಷ ತೋರಿಸಿ ನಿಂತಿತು. ಸರಿಸಿದ ಮೇಲೆ ಮತ್ತೊಮ್ಮೆ 'ಇನ್ಫೋ' ನೋಡಿ. 'ಡಿಸೇಬಲ್ಡ್' ಎಂದಿದ್ದರೆ ಅದೇ ಆದೇಶಕ್ಕೆ 'ಎನೇಬಲ್' ಸೇರಿಸಿ ಕೊಡಿ.