ಅಮೆರಿಕದ ವಾಸ್ತವವಾದಿ ಕಾದಂಬರಿಕಾರರು ನೀತಿ ಹೇಳಲಿಲ್ಲ ಅಂತಾರೆ, ನಿಜಾನಾ?

ಬೆಣ್ಣೆದೋಸೆ_ದಾವಣಗೆರೆ:
ನಾನು ಇಲ್ಲೇ ದಾವಣಗೆರೆಯಲ್ಲಿ ಇಂಗ್ಲಿಷ್ ಎಂಎ ಓದುತ್ತಿದ್ದೇನೆ. ವಾಸ್ತವವಾದಿಗಳು ಬದುಕನ್ನು ಇದ್ದ ಹಾಗೆ ತೋರಿಸಿದರು, ಉಪದೇಶ ಮಾಡಲಿಲ್ಲ ಅಂತ ನೋಟ್ಸ್‌ನಲ್ಲಿ ಒಂದೇ ಸಾಲು ಇದೆ. ಆದರೆ ವಿಲಿಯಂ ಡೀನ್ ಹೊವೆಲ್ಸ್ ಬರೆದ ‘ದಿ ರೈಸ್ ಆಫ್ ಸೈಲಸ್ ಲ್ಯಾಪಮ್’ (1885) ಓದಿ ಮುಗಿಸಿದೆ. ಪೇಂಟ್ ವ್ಯಾಪಾರದಲ್ಲಿ ದುಡ್ಡು ಮಾಡಿದವನು ಎಲ್ಲ ಕಳೆದುಕೊಂಡು ಒಳ್ಳೆಯವನಾಗುತ್ತಾನೆ. ಇದು ನೀತಿಕಥೆ ತಾನೇ? ಹಾಗಾದರೆ ಈ ಲೇಖಕರು ತಮ್ಮ ಅಭಿಪ್ರಾಯವನ್ನು ಎಲ್ಲಿ ಬಚ್ಚಿಡುತ್ತಿದ್ದರು? ಪರೀಕ್ಷೆಗೆ ಅಂತಲ್ಲ, ಸುಮ್ನೆ ತಲೆ ತಿನ್ನುತ್ತಿದೆ.

ಮಂಡಿಪೇಟೆ_ವ್ಯಾಪಾರಿ:
ತಮ್ಮಾ, ಅದನ್ನು ವ್ಯಾಪಾರದ ಕಥೆ ಅಂತ ಓದಿ ನೋಡು. ಲ್ಯಾಪಮ್ ಕೈಯಲ್ಲಿ ಹಳೇ ಪಾಲುದಾರ ರೋಜರ್ಸ್ ಅಡ ಇಟ್ಟ ಮಿಲ್ಲುಗಳಿವೆ. ಅಲ್ಲಿರುವ ರೈಲ್ವೆ ಕಂಪನಿ ಮನಸ್ಸು ಮಾಡಿದರೆ ಅವುಗಳ ಬೆಲೆ ನೆಲ ಕಚ್ಚುತ್ತದೆ. ಇಂಗ್ಲೆಂಡಿನವರು ಕೊಳ್ಳಲು ಬಂದಿದ್ದಾರೆ. ಇವನು ರೈಲ್ವೆ ವಿಷಯ ಬಾಯಿಬಿಟ್ಟು ಹೇಳಿದರೂ ಅವರು ಹಿಂದೆ ಸರಿಯುವುದಿಲ್ಲ, ಯಾಕಂದರೆ ಅವರು ಏಜೆಂಟರು, ದುಡ್ಡು ಊರಲ್ಲಿ ಕೂತ ಶ್ರೀಮಂತರದ್ದು! ರೋಜರ್ಸ್ ಬೇರೆ, ‘ನನಗೇ ಮಾರು, ಮುಂದಿನದು ನನ್ನ ತಲೆಮೇಲೆ’ ಅನ್ನುತ್ತಾನೆ. ಕಾನೂನಿನಲ್ಲಿ ಒಂದು ಚೂರೂ ತಪ್ಪಿಲ್ಲ. ನಮ್ಮ ಪೇಟೆಯಲ್ಲಿ ಎಷ್ಟು ಜನ ಬೇಡ ಅಂದಾರು ಹೇಳು? ಇವನು ರಾತ್ರಿಯೆಲ್ಲ ಕೋಣೆಯಲ್ಲಿ ಶತಪಥ ಹಾಕುತ್ತಾನೆ. ‘ಇದು ಸರಿ, ಇದು ತಪ್ಪು’ ಅಂತ ಹೊವೆಲ್ಸ್ ಮಧ್ಯೆ ಬಂದು ಹೇಳುವುದಿಲ್ಲ. ತಪ್ಪಿಸಿಕೊಳ್ಳುವ ದಾರಿಗಳನ್ನೆಲ್ಲ ತೆರೆದಿಟ್ಟು, ಇವನು ಯಾವುದನ್ನು ಹಿಡಿಯುತ್ತಾನೆ ನೋಡಿ ಅನ್ನುತ್ತಾನೆ. ಅಭಿಪ್ರಾಯ ಇರುವುದು ಅಲ್ಲೇ.

ಕೋಟೆ_ಕೆಳಗಿನ_ಮೇಷ್ಟ್ರು:
ಚಿತ್ರದುರ್ಗದಿಂದ. ಮಾರ್ಕ್ ಟ್ವೈನ್ ಇನ್ನೂ ಕಿಲಾಡಿ, ‘ಅಡ್ವೆಂಚರ್ಸ್ ಆಫ್ ಹಕಲ್‌ಬೆರಿ ಫಿನ್’ ನೋಡು. ಓಡಿಬಂದ ಗುಲಾಮ ಜಿಮ್‌ಗೆ ನೆರವಾಗುವುದು ಮಹಾಪಾಪ ಅಂತ ಹುಡುಗ ಹಕ್ ಫಿನ್ ನಿಜವಾಗಿಯೂ ನಂಬಿರುತ್ತಾನೆ. ಜಿಮ್‌ನ ಒಡತಿಗೆ ಚೀಟಿ ಬರೆದು ಅವನಿರುವ ಜಾಗ ತಿಳಿಸಲು ಹೊರಡುತ್ತಾನೆ, ಬರೆದ ಮೇಲೆ ಮನಸ್ಸೂ ಹಗುರಾಗುತ್ತದೆ. ಆಮೇಲೆ ಜಿಮ್ ತನ್ನನ್ನು ನೋಡಿಕೊಂಡದ್ದೆಲ್ಲ ನೆನಪಾಗಿ, ಸರಿ, ನರಕಕ್ಕೇ ಹೋಗುತ್ತೇನೆ ಅಂತ ಚೀಟಿ ಹರಿದು ಹಾಕುತ್ತಾನೆ. ತಾನು ಮಾಡಿದ್ದು ಒಳ್ಳೆಯದು ಅಂತ ಹುಡುಗನಿಗೆ ಗೊತ್ತೇ ಇಲ್ಲ, ಓದುವವನಿಗೆ ಗೊತ್ತು. ಚರ್ಚು, ಶಾಲೆ, ಊರಿನ ದೊಡ್ಡವರು ಎಲ್ಲ ಸೇರಿ ಆ ಮಗುವಿನ ತಲೆಯಲ್ಲಿ ಏನು ತುಂಬಿದ್ದರು ಅನ್ನುವುದು ಒಂದು ಬೈಗುಳವೂ ಇಲ್ಲದೆ ಬಯಲಾಗುತ್ತದೆ. ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನಿಂದ ಹೋದದ್ದು 1865ರಲ್ಲಿ, ಪುಸ್ತಕ ಬಂದದ್ದು ಸುಮಾರು ಇಪ್ಪತ್ತು ವರ್ಷ ಬಿಟ್ಟು. ಆದರೂ ಅದು ಹಳೇ ಕಥೆ ಆಗಿರಲಿಲ್ಲ.

ಹೊವೆಲ್ಸ್ ಬಗ್ಗೆ ಇನ್ನೊಂದು ಮಾತು. 1886ರಲ್ಲಿ ಶಿಕಾಗೋದ ಹೇಮಾರ್ಕೆಟ್‌ನಲ್ಲಿ ಬಾಂಬ್ ಸಿಡಿಯಿತು. ಎಸೆದವರು ಯಾರು ಅಂತ ಸಾಬೀತಾಗದೆಯೇ ಅರಾಜಕತಾವಾದಿಗಳಿಗೆ, ಅಂದರೆ ಸರ್ಕಾರವೇ ಬೇಡ ಅನ್ನುವವರಿಗೆ, ಗಲ್ಲು ವಿಧಿಸಿದರು. ಅವರಿಗೆ ಕ್ಷಮಾದಾನ ಕೊಡಿ ಅಂತ ಹೊವೆಲ್ಸ್ ಪತ್ರಿಕೆಗೆ ಬಹಿರಂಗವಾಗಿ ಬರೆದ. 1887ರ ನವೆಂಬರ್‌ನಲ್ಲಿ ನಾಲ್ವರನ್ನು ಗಲ್ಲಿಗೇರಿಸಿಯೇಬಿಟ್ಟರು. ಅದಾದ ಮೇಲಿನ ‘ಎ ಹ್ಯಾಜರ್ಡ್ ಆಫ್ ನ್ಯೂ ಫಾರ್ಚೂನ್ಸ್’ (1890) ಓದು. ನ್ಯೂಯಾರ್ಕ್ ಟ್ರಾಮ್ ನೌಕರರ ಮುಷ್ಕರ, ಗುಂಡಿಗೆ ಸಾಯುವ ಸಾಹುಕಾರನ ಮಗ, ಪೊಲೀಸರ ಏಟು ತಿನ್ನುವ ಮುದುಕ. ಲ್ಯಾಪಮ್ ಬರೆದ ಹೊವೆಲ್ಸ್ ಇವನೇನಾ ಅನ್ನಿಸುತ್ತದೆ.

ದುರ್ಗದ_ಓದುಗಿ:
ಮೇಷ್ಟ್ರೇ, ನೀವಿಬ್ಬರೂ ಗಂಡಸರ ಮನಸ್ಸಾಕ್ಷಿಯ ಬಗ್ಗೆಯೇ ಮಾತಾಡುತ್ತಿದ್ದೀರಿ. ಈಡಿತ್ ವಾರ್ಟನ್ ಬರೆದ ‘ದಿ ಹೌಸ್ ಆಫ್ ಮರ್ತ್’ (1905) ತೆಗೆದುಕೊಳ್ಳಿ. ಶ್ರೀಮಂತರ ವಲಯದಿಂದ ಹೊರಬಿದ್ದ ಲಿಲಿ ಬಾರ್ಟ್ ಕೈಯಲ್ಲಿ ಕೆಲವು ಪತ್ರಗಳಿವೆ, ಅವನ್ನಿಟ್ಟುಕೊಂಡು ಬೆದರಿಸಿದ್ದರೆ ಮತ್ತೆ ಮೇಲೆ ಬರುತ್ತಿದ್ದಳು. ಸುಟ್ಟು ಹಾಕುತ್ತಾಳೆ. ಲ್ಯಾಪಮ್‌ನಷ್ಟೇ ಪ್ರಾಮಾಣಿಕಳು ಅಲ್ವಾ? ಅವನಿಗೆ ವಾಪಸ್ ಹೋಗಲು ವರ್ಮಾಂಟ್‌ನ ಹಳೇ ಮನೆ ಇತ್ತು, ಹೆಂಡತಿ ಇದ್ದಳು. ಇವಳು ಬಾಡಿಗೆ ಕೋಣೆಯಲ್ಲಿ ನಿದ್ದೆ ಔಷಧಿ ಜಾಸ್ತಿಯಾಗಿ ಸಾಯುತ್ತಾಳೆ. ಒಳ್ಳೆಯತನದ ಬೆಲೆ ಒಬ್ಬೊಬ್ಬರಿಗೆ ಒಂದೊಂದು ಅಂತ ವಾರ್ಟನ್ ಹೇಳುವ ರೀತಿ ಅದು. ಥಿಯೋಡರ್ ಡ್ರೈಸರ್ ತನ್ನ ಕಾದಂಬರಿ ‘ಸಿಸ್ಟರ್ ಕ್ಯಾರಿ’ಯಲ್ಲಿ (1900) ಉಲ್ಟಾ ಮಾಡಿದ. ‘ತಪ್ಪಿದ’ ಹೆಣ್ಣಿಗೆ ಶಿಕ್ಷೆಯೇ ಕೊಡಲಿಲ್ಲ. ಪ್ರಕಾಶಕರೇ ಮುಜುಗರಪಟ್ಟು ಪುಸ್ತಕವನ್ನು ಪ್ರಚಾರವಿಲ್ಲದೆ ಬಿಟ್ಟರು.

ನೇರವಾಗಿ ಭಾಷಣ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಅಪ್ಟನ್ ಸಿಂಕ್ಲೇರ್ ಇದ್ದಾನೆ. ‘ದಿ ಜಂಗಲ್’ (1906) ಬರೆದದ್ದು ಶಿಕಾಗೋ ಮಾಂಸದ ಕಾರ್ಖಾನೆಗಳ ಕೂಲಿಗಳಿಗಾಗಿ. ಜನ ಗಾಬರಿಯಾದದ್ದು ತಮ್ಮ ತಟ್ಟೆಯ ಮಾಂಸ ನೆನೆದು. ಅದೇ ವರ್ಷ ಮಾಂಸ ತಪಾಸಣೆಗೆ ಕಾನೂನು ಬಂತು, ಕೂಲಿಗಳ ಪಾಡು ಹಾಗೇ ಉಳಿಯಿತು. ಕೊನೆಯ ಅಧ್ಯಾಯಗಳಲ್ಲಿ ಬರೀ ಸಮಾಜವಾದದ ಭಾಷಣ, ನಾಯಕ ಮೂಲೆಯಲ್ಲಿ ಕೂತು ಕೇಳುತ್ತಾನೆ. ನಾನಂತೂ ಪುಟ ಹಾರಿಸಿದೆ.

ಬೆಣ್ಣೆದೋಸೆ_ದಾವಣಗೆರೆ:
ಥ್ಯಾಂಕ್ಸ್ ಅಕ್ಕ, ಮೇಷ್ಟ್ರೇ. ವ್ಯಾಪಾರಿ ಅಣ್ಣಾ, ಒಂದು ಸಂಶಯ ಉಳಿದಿದೆ. ಲ್ಯಾಪಮ್ ಬಾಸ್ಟನ್‌ನಲ್ಲಿ ಕಟ್ಟುತ್ತಿದ್ದ ಮನೆಗೆ ಬೆಂಕಿ ಬೀಳುತ್ತೆ, ವಿಮೆ ಹಿಂದಿನ ವಾರವೇ ಮುಗಿದಿರುತ್ತೆ. ಲೇಖಕ ಮಧ್ಯೆ ಬರಲ್ಲ ಅಂದ್ರಲ್ಲ?

ಮಂಡಿಪೇಟೆ_ವ್ಯಾಪಾರಿ:
ಬೆಂಕಿ ಹಚ್ಚಿದ್ದು ಅವನೇ ಸೈಲಸ್, ಹೊಸ ಮನೆಯ ಚಿಮಣಿ ಹೊಗೆ ಎಳೆಯುತ್ತಾ ನೋಡೋಣ ಅಂತ, ಅದು ನಡೆಯುತ್ತೆ. ವಿಮೆಯದ್ದು ಮಾತ್ರ ಹೊವೆಲ್ಸ್ ಕೈವಾಡ, ಒಪ್ಪುತ್ತೇನೆ. ಲೆಕ್ಕ ನೋಡುವವನು ರಿನ್ಯೂವಲ್ ತಾರೀಖು ಮರೆಯುತ್ತಾನಾ?