ಅಪ್‌ಡೇಟ್: ಮಾರಿಸ್ ಮೈನರ್ ಡ್ಯಾಶ್‌ಬೋರ್ಡಿನ ಸ್ವಿಚ್‌ಗಳು ಕಡೆಗೂ ಹೊರಬಂದವು

ತಾತನ ಹಳೆಯ ಬ್ರಿಟಿಷ್ ಕಾರು ಮಾರಿಸ್ ಮೈನರ್‌ನ ಡ್ಯಾಶ್‌ಬೋರ್ಡಿಗೆ ಬಣ್ಣ ಹೊಡೆಸಬೇಕು, ಲೈಟು ಮತ್ತು ವೈಪರ್ ಸ್ವಿಚ್‌ಗಳನ್ನು ಬಿಚ್ಚುವುದು ಹೇಗೆ ಎಂದು ಕೇಳಿದ್ದೆನಲ್ಲ, ಕೆಲಸ ಮುಗಿಯಿತು.

ಸ್ವಿಚ್ಚಿನ ಗುಂಡಿಯನ್ನು ಎಡಕ್ಕೆ ತಿರುಗಿಸಿ ಎಂಬ ಸಲಹೆ ನಡೆಯಲಿಲ್ಲ. ಅದಕ್ಕೆ ಥ್ರೆಡ್ಡೇ ಇಲ್ಲ. ಬಿಸಿನೀರಿನ ಬಟ್ಟೆ ಸುತ್ತಿದ್ದೂ ದಂಡ. ಫಲ ಕೊಟ್ಟದ್ದು "ಗುಂಡಿಯ ಅಡಿಯಲ್ಲಿ ತೂತು ಇದೆಯೇ ನೋಡಿ" ಎಂದವರ ಮಾತು. ಕತ್ತಿನ ಕೆಳಗೆ ಸಾಸಿವೆ ಕಾಳಿನಷ್ಟು ತೂತು, ಹಳೆಯ ಪಾಲಿಶ್ ಮೆತ್ತಿ ಮುಚ್ಚಿಹೋಗಿತ್ತು. ಸೇಫ್ಟಿ ಪಿನ್ನಿನಿಂದ ಕೆರೆದು, ಒಳಗಿನ ಸ್ಪ್ರಿಂಗ್ ಕಡ್ಡಿಯನ್ನು ಒತ್ತಿ ಹಿಡಿದು ಎಳೆದೆ. ಗುಂಡಿ ಸಲೀಸಾಗಿ ಕೈಗೆ ಬಂತು.

ಅದರ ಹಿಂದಿನ ಕಚ್ಚುಗಳಿರುವ ಉಂಗುರವನ್ನು ಸ್ಕ್ರೂಡ್ರೈವರಿನಿಂದ ತಟ್ಟಬೇಡಿ, ಕ್ರೋಮ್ ಗೀರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯವರೊಬ್ಬರು ಹಳೆಯ ಸಾಕೆಟ್ ಸ್ಪ್ಯಾನರನ್ನು ಅರೆದು, ಆ ಕಚ್ಚುಗಳಿಗೆ ಕೂರುವಂತೆ ಎರಡು ಹಲ್ಲು ಮಾಡಿಕೊಟ್ಟರು. ಕಾಸು ಬೇಡ ಎಂದರು, ಕಾಫಿ ಕುಡಿಸಿದೆ! ಉಂಗುರ ಬಿಚ್ಚಿದ ಮೇಲೆ ಸ್ವಿಚ್ಚು ಡ್ಯಾಶ್‌ಬೋರ್ಡಿನ ಹಿಂದಕ್ಕೆ ಜಾರುತ್ತದೆ. ವೈರುಗಳಿಗೆ ಮೊದಲೇ ಚೀಟಿ ಕಟ್ಟಿ. ನನ್ನ ಗಾಡಿಯಲ್ಲಿ ಎಲ್ಲ ಬಣ್ಣಗಳೂ ಮಾಸಿ ಒಂದೇ ಕಂದು ಆಗಿದ್ದವು.

ಅಚ್ಚರಿಯೆಂದರೆ, ಇದರಲ್ಲಿ ಅರ್ತ್ ಆಗಿರುವುದು, ಅಂದರೆ ಕಾರಿನ ಲೋಹದ ಮೈಗೆ ಸೇರಿರುವುದು, ಬ್ಯಾಟರಿಯ ಪ್ಲಸ್ ತುದಿ. ಆ ಕಾಲದ ಅನೇಕ ಬ್ರಿಟಿಷ್ ಕಾರುಗಳು ಹಾಗೆಯೇ. ಆದ್ದರಿಂದ ಸ್ವಿಚ್ಚಿಗೆ ಕೈ ಹಾಕುವ ಮೊದಲು ಯಾವ ತುದಿ ಕಾರಿನ ಮೈಗೆ ಸೇರಿದೆ ಎಂದು ನೋಡಿ, ಅದನ್ನೇ ಕಳಚಿಡಿ.